ಅಪ್ಪನ ಕಿಡ್ನಿ, ಅಮ್ಮನ ಮೀಸೆ

ಮೊದಲು ಊದಿದ್ದು ಅಮ್ಮನ ಕಾಲ್ಬೆರಳು.

ಕಾಲುಂಗುರ ಮಾಂಸದೊಳಗೆ ಹೂತುಹೋಗಿ, ಬೆರಳು ನಡುವೆ ದಾರ ಬಿಗಿದ ಬದನೆಕಾಯಿಯ ಹಾಗೆ ಕಾಣುತ್ತಿತ್ತು. ಸೋಪು ಹಚ್ಚಿದೆವು. ಕೊಬ್ಬರಿ ಎಣ್ಣೆ ಹಚ್ಚಿದೆವು. ನಾನು ಒಂದು ಕಾಲನ್ನು ಗೋಡೆಗೆ ಕೊಟ್ಟು ಎಳೆದೆ. ಬರಲಿಲ್ಲ. ಕೊನೆಗೆ ಅಪ್ಪ ಕಾರ್ಖಾನೆಯ ಗೆಳೆಯನಿಂದ ಒಂದು ಕಟ್ಟರ್ ಕೇಳಿಕೊಂಡು ಬಂದ. ಅದು ಕಬ್ಬಿಣದ ಸರಳು ಕತ್ತರಿಸುವ ಸಾಮಾನು. ಅಮ್ಮನ ತೋಳಿನಷ್ಟು ಉದ್ದ ಇತ್ತು.

"ಅಲ್ಲಾಡ್ಬೇಡ ಸರೋಜ. ಅಲ್ಲಾಡಿದ್ರೆ ನಾನು ಜವಾಬ್ದಾರನಲ್ಲ" ಎಂದ ಅಪ್ಪ.

ಅಮ್ಮ ಅಲ್ಲಾಡಲಿಲ್ಲ. ಬೆಳ್ಳಿ ಟಪ್ ಎಂದಿತು. ಬೆರಳು ಉಳಿಯಿತು. ನಾನು ಮರುದಿನ ಕಾಲೇಜಿನಲ್ಲಿ ಈ ಕಥೆ ಹೇಳುವಾಗ ಕಟ್ಟರನ್ನು ಗರಗಸ ಮಾಡಿದೆ, ರಕ್ತವನ್ನೂ ಸ್ವಲ್ಪ ಸೇರಿಸಿದೆ. ಫಸ್ಟ್ ಪಿಯುಸಿಯಲ್ಲಿ ಹೊಸಬಳಾಗಿ ಸೇರಿದವಳಿಗೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ.

ಹದಿನೈದು ದಿನದಲ್ಲಿ ಕಾಲು, ಕೈ, ಕಣ್ಣಿನ ಕೆಳಗೆಲ್ಲ ಊದಿತು. ಶಿವಮೊಗ್ಗದ ಡಾಕ್ಟರ್ ರಕ್ತ ತೆಗೆಸಿದರು, ಸ್ಕ್ಯಾನಿಂಗ್ ಮಾಡಿಸಿದರು. ಕಾಗದ ನೋಡಿದರು. ಕನ್ನಡಕ ತೆಗೆದಿಟ್ಟರು.

ಎರಡೂ ಕಿಡ್ನಿ ಫೇಲ್.

ಅಪ್ಪ ಕುರ್ಚಿಯ ತುದಿಗೆ ಬಂದ. ನಾನು ಗೋಡೆಗೆ ಒರಗಿದೆ. ಅಮ್ಮ ಮಾತ್ರ ಗಡಿಯಾರ ನೋಡಿ, "ಇನ್ನೂ ಹೊತ್ತಾಗುತ್ತಾ ಸಾರ್? ಮನೇಲಿ ದೋಸೆಗೆ ನೆನೆ ಹಾಕಿ ಬಂದಿದೀನಿ" ಎಂದಳು.

ಡಯಾಲಿಸಿಸ್ ಶುರುವಾಯಿತು. ವಾರಕ್ಕೆರಡು ಸಲ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸು. ಬೆಳಿಗ್ಗೆ ಹೋಗುವಾಗ ಅಮ್ಮ ಊದಿಕೊಂಡ ಬೊಂಡ. ಸಂಜೆ ಬರುವಾಗ ಹಿಂಡಿದ ನಿಂಬೆಹಣ್ಣು. ಸೂಜಿ ಹಾಕಲು ಅನುಕೂಲ ಆಗಲಿ ಎಂದು ಅವಳ ಎಡಗೈಯಲ್ಲಿ ಒಂದು ರಕ್ತನಾಳವನ್ನು ಇನ್ನೊಂದಕ್ಕೆ ಹೊಲಿದಿದ್ದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ಮಿಕ್ಸಿ ತಿರುಗಿದ ಹಾಗೆ ಝುಂ ಎನ್ನುತ್ತದೆ. ನಾನು ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕರೆದುಕೊಂಡು ಬಂದು ಅಮ್ಮನ ಕೈಗೆ ಕಿವಿ ಇಡಿಸುತ್ತಿದ್ದೆ. ಅಮ್ಮ ಬೇಡ ಎನ್ನಲಿಲ್ಲ. ಶೋಭಾ ಕಿವಿ ಇಟ್ಟು, "ಆಂಟಿ, ನಿಮ್ಮೊಳಗೆ ಚಟ್ನಿ ರುಬ್ತಿದಾರೆ" ಎಂದಳು. ಅಮ್ಮನೂ ನಕ್ಕಳು. ಅವತ್ತು ನಕ್ಕಳು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ, ನನಗೆ ಆಮೇಲೆ ಬೇಕಾಗುತ್ತದೆ.

ಬೇರೆ ಕಿಡ್ನಿ ಹಾಕಿಸಬೇಕು ಎಂದರು ಡಾಕ್ಟರ್. ಹೊಳೆಹೊನ್ನೂರಿನಿಂದ ಅಮ್ಮನ ತಮ್ಮ, ನನ್ನ ಮಾವ, ಓಡಿ ಬಂದ. ನಡುಮನೆಯಲ್ಲಿ ನಿಂತು ಎದೆ ಬಡಿದುಕೊಂಡು, "ಒಂದಲ್ಲ ಭಾವ, ಎರಡೂ ತಗೊಳ್ಳಿ. ಅಕ್ಕನಿಗಿಂತ ಹೆಚ್ಚಾ?" ಎಂದ. ಎಲ್ಲರೂ ಅತ್ತರು. ಮಾವ ಆರು ಚಪಾತಿ ತಿಂದು ಹೋದ. ಟೆಸ್ಟಿನ ದಿನ ಬಸ್‌ಸ್ಟ್ಯಾಂಡಿನಲ್ಲಿ ಕಾದೆವು. ಬಸ್ಸಿನಿಂದ ಇಳಿದದ್ದು ಅವನ ಹೆಂಡತಿ.

"ಅವರಿಗೆ ರಕ್ತ ನೋಡಿದ್ರೆ ತಲೆ ಸುತ್ತುತ್ತೆ ಅಣ್ಣ" ಎಂದಳು.

"ಕಣ್ಣು ಮುಚ್ಕೊಂಡು ಮಲಗ್ಲಿ. ಯಾರು ನೋಡು ಅಂದ್ರು?" ಎಂದ ಅಪ್ಪ.

ಅವಳು ಅದೇ ಬಸ್ಸಿನಲ್ಲಿ ವಾಪಸ್ ಹೋದಳು. ಅಪ್ಪ ಯಾರಿಗೂ ಹೇಳದೆ ತನ್ನ ರಕ್ತ ಕೊಟ್ಟು ಬಂದ. ವಾರದ ಮೇಲೆ ಒಂದು ಮಧ್ಯಾಹ್ನ ಊಟದ ನಡುವೆ, "ನಂದು ಮ್ಯಾಚ್ ಆಯ್ತು. ಮಜ್ಜಿಗೆ ಹಾಕು" ಎಂದ. ಅಮ್ಮ ಮಜ್ಜಿಗೆ ಹಾಕಿದಳು. ಲೋಟ ತುಂಬಿ ಹರಿದರೂ ಹಾಕುತ್ತಲೇ ಇದ್ದಳು.

ಸುದ್ದಿ ಕೇಳಿ ಶಿವಮೊಗ್ಗದ ಆಲ್ಕೊಳದಿಂದ ಗಿರಿಜತ್ತೆ ಬಂದಳು. ಅಪ್ಪನ ಅಕ್ಕ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಗಂಡಸು ಹೆಂಗಸಿಗೆ ಕೊಡೋದಾ? ಎಲ್ಲಾದ್ರೂ ಕೇಳಿದೀಯೇನೋ ನಾಗರಾಜ? ಹೆಂಡ್ತಿ ಹೋದ್ರೆ ಇನ್ನೊಬ್ಬಳು ಬರ್ತಾಳೆ. ಕಿಡ್ನಿ ಬರುತ್ತಾ?"

ಹೆಂಡತಿ ಅಲ್ಲೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು.

"ಅತ್ತಿಗೆ, ಕಾಫಿಗೆ ಸಕ್ಕರೆ ಒಂದು ಚಮಚನೋ ಎರಡೋ?" ಎಂದಳು ಅಮ್ಮ.

"ಎರಡು" ಎಂದಳು ಗಿರಿಜತ್ತೆ.

ಆಪರೇಷನ್ ಬೆಂಗಳೂರಿನಲ್ಲಿ ಆಯಿತು. ನನ್ನನ್ನು ಕರೆದುಕೊಂಡು ಹೋಗಲಿಲ್ಲ, ಆದ್ದರಿಂದ ಆ ಭಾಗವನ್ನು ನಾನು ಬೇಕಾದ ಹಾಗೆ ಹೇಳಬಹುದು. ಆದರೆ ಹೇಳುವುದಿಲ್ಲ. ತಿಂಗಳ ಮೇಲೆ ಇಬ್ಬರೂ ಆಲ್ಕೊಳಕ್ಕೆ ಬಂದಿಳಿದರು. ಮೂರು ತಿಂಗಳು ಡಾಕ್ಟರಿಗೆ ಹತ್ತಿರ ಇರಬೇಕು ಎಂದಿದ್ದರಿಂದ ಗಿರಿಜತ್ತೆಯೇ ತನ್ನ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ ಕೊಟ್ಟಿದ್ದಳು. ಅವಳು ಅಂಥವಳು. ಬಾಯಲ್ಲಿ ಕೊಂದು ಕೈಯಲ್ಲಿ ಸಾಕುತ್ತಾಳೆ. ಸಾಕುವಾಗಲೂ ತುಪ್ಪ ತಮ್ಮನ ತಟ್ಟೆಗೆ, ಉಪ್ಪಿಲ್ಲದ ಸಾರು ಅವನ ಹೆಂಡತಿಗೆ.

ಅಪ್ಪನ ಗಾಯ ಪಕ್ಕೆಲುಬಿನಿಂದ ಹೊಕ್ಕುಳಿನವರೆಗೆ ಇತ್ತು. ಅಮ್ಮನದು ಅದರ ಅರ್ಧ. ಕೊಟ್ಟವನಿಗೆ ಜಾಸ್ತಿ ಕತ್ತರಿಸುತ್ತಾರೆ. ಅವನು ಎಡಕ್ಕೆ ವಾಲಿಕೊಂಡು ನಡೆಯುತ್ತಿದ್ದ, ಆದರೆ ನಡೆಯುತ್ತಿದ್ದ.

ಅಪ್ಪ ಕಾರ್ಖಾನೆಯಲ್ಲಿ ಓವರ್‌ಹೆಡ್ ಕ್ರೇನ್ ಓಡಿಸುವವನು. ಛಾವಣಿಯ ಕೆಳಗೆ ತೂಗುವ ಒಂದು ಡಬ್ಬಿಯೊಳಗೆ ಎಂಟು ಗಂಟೆ ಕೂರಬೇಕು. ಅಲ್ಲಿ ಒಂದೇ ಕಾನೂನು: ಮುಂದಿನ ಪಾಳಿಯವನು, ಅಂದರೆ ರಿಲೀವರ್, ಮೇಲೆ ಹತ್ತಿ ಬರುವ ತನಕ ನೀನು ಕೆಳಗೆ ಇಳಿಯಬಾರದು. ಹೊಟ್ಟೆ ಹಸಿದರೂ ಇಲ್ಲ, ಹೆಂಡತಿ ಹೆತ್ತರೂ ಇಲ್ಲ. ನಾನು ಹುಟ್ಟಿದಾಗ ರಿಲೀವರ್ ತಡವಾಗಿ ಬಂದನಂತೆ. ಅಪ್ಪ ನನ್ನನ್ನು ನೋಡಿದ್ದು ಮಾರನೇ ದಿನ. ಅಮ್ಮನನ್ನೂ ಅವನು ಅದೇ ಕಾನೂನಿನ ಮೇಲೆ ಸಾಕಿದ. ದಪ್ಪ ರಟ್ಟಿನ ಲಾಗ್‌ಬುಕ್ ತಂದ. ಗೆರೆ ಎಳೆದ. ಕುಡಿದ ನೀರು, ಹೋದ ಮೂತ್ರ, ಜ್ವರ, ಬಿಪಿ, ತೂಕ, ಮಾತ್ರೆ. ಕೊನೆಯ ಕಾಲಮ್ಮಿನಲ್ಲಿ ಸಹಿ. ಫಸ್ಟ್ ಶಿಫ್ಟ್ ಅಪ್ಪ, ಸೆಕೆಂಡ್ ಶಿಫ್ಟ್ ಭದ್ರಾವತಿಯ ಕಾಲೇಜಿನಿಂದ ಬಸ್ಸಿನಲ್ಲಿ ಬಂದ ನಾನು, ನೈಟ್ ಶಿಫ್ಟ್ ಮತ್ತೆ ಅಪ್ಪ. ಅಧಿಕಾರ ಹಸ್ತಾಂತರ ಮಾಡುವಾಗ ನಿಂತುಕೊಂಡೇ ಓದಿ ಹೇಳಬೇಕು.

ಬಂದ ಮೊದಲ ದಿನ ಅಮ್ಮ ಬಾತ್‌ರೂಮಿನಿಂದ ಅಳತೆಯ ಜಗ್ ಕೊಟ್ಟಳು. ಅಪ್ಪ ಅದನ್ನು ಬೆಳಕಿಗೆ ಎತ್ತಿ ಹಿಡಿದ. "ಮುನ್ನೂರೈವತ್ತು" ಎಂದು ಕೂಗಿದ. ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರು ಆಟ ನಿಲ್ಲಿಸಿದರು. ಅವನು ಇನ್ನೊಮ್ಮೆ ಹೇಳಿದ, ಮೆತ್ತಗೆ, "ಮುನ್ನೂರೈವತ್ತು. ನನ್ನ ಕಿಡ್ನಿ ಕಣೆ ಅದು."

ಅಲ್ಲಿಂದ ಶುರು. ಬೆಳಿಗ್ಗೆ ಎದ್ದ ಕೂಡಲೇ "ನನ್ನ ಕಿಡ್ನಿ ಹೇಗಿದೆ?" ಬಂದವರ ಮುಂದೆ "ನನ್ನ ಕಿಡ್ನಿ ಕೆಲ್ಸ ಹೇಗೆ ಮಾಡ್ತಿದೆ ನೋಡಿ." ಬಂದವರು ಒಳಗೆ ಬರುವ ಹಾಗಿರಲಿಲ್ಲ, ಇನ್‌ಫೆಕ್ಷನ್ ಆಗುತ್ತದೆ ಎಂದು ಕಿಟಕಿಯ ಹೊರಗೆ ನಿಲ್ಲಿಸುತ್ತಿದ್ದ. ಅವರು ಮೋಸಂಬಿ ಹಿಡಿದು ಸರಳುಗಳ ನಡುವೆ ಇಣುಕುತ್ತಿದ್ದರು. ಒಳಗೆ ಮೂಗು ಬಾಯಿ ಮುಚ್ಚಿದ ಅಮ್ಮ. ಹೊರಗಿನಿಂದ ಶೇಂಗಾ ಎಸೆಯುವುದೊಂದು ಬಾಕಿ.

ಒಂದು ದಿನ ಅಮ್ಮ ಮಾವಿನ ಮಿಡಿ ಉಪ್ಪಿನಕಾಯಿಯ ಒಂದೇ ಒಂದು ಮಿಡಿಯನ್ನು ಸೆರಗಿನಲ್ಲಿ ಅಡಗಿಸಿಕೊಂಡು ತಿನ್ನುತ್ತಿದ್ದಳು. ಅಪ್ಪ ಅವಳ ಕೈ ಹಿಡಿದು ಬಾಯಿಂದ ತೆಗೆಸಿದ.

"ಉಪ್ಪು ಹಾಕಿ ಹಾಳು ಮಾಡ್ತೀಯೇನೆ? ನಿಂದಾಗಿದ್ರೆ ಏನು ಬೇಕಾದ್ರೂ ಮಾಡ್ಕೋ. ಅದು ನಂದು."

ಅಮ್ಮ ಮಿಡಿಯನ್ನು ಅಪ್ಪನ ಅಂಗೈಗೆ ಉಗುಳಿದಳು. ಅಪ್ಪ ಲಾಗ್‌ಬುಕ್‌ನಲ್ಲಿ ಬರೆದ: 'ಉಪ್ಪಿನಕಾಯಿ, ಅರ್ಧ. ವಶಪಡಿಸಿಕೊಳ್ಳಲಾಯಿತು.' ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ. ಅವನು ತಮಾಷೆಗೆ ಬರೆದಿರಲಿಲ್ಲ ಎಂದು ಆಗ ಹೊಳೆಯಲಿಲ್ಲ.

ಅವನನ್ನು ಬರೀ ಬೈಯಲಾರೆ. ಹೊಲಿಗೆ ಬಿಚ್ಚಿದ ವಾರದಲ್ಲೇ ಬಗ್ಗಿ ಅಮ್ಮನ ಬಾತ್‌ರೂಮಿನ ನೆಲ ಫಿನಾಯಿಲ್ ಹಾಕಿ ಉಜ್ಜುತ್ತಿದ್ದ. ಬಗ್ಗಿದಾಗ ಅವನ ಮುಖ ಬಿಳಚಿಕೊಳ್ಳುತ್ತಿತ್ತು. ಗಿರಿಜತ್ತೆ ಬಾಗಿಲಲ್ಲಿ ನಿಂತು, "ಅವಳಿಗೆ ಕೈ ಇಲ್ವಾ?" ಎನ್ನುತ್ತಿದ್ದಳು. "ರಿಲೀವರ್ ಬರ್ಲಿ ಅಕ್ಕ" ಎನ್ನುತ್ತಿದ್ದ. ಅವನಿಗೆ ರಿಲೀವರ್ ಯಾರೂ ಇರಲಿಲ್ಲ. ನಾನಿದ್ದೆ. ನಾನು ಟಿವಿ ನೋಡುತ್ತಿದ್ದೆ.

ಮೂರು ತಿಂಗಳಾಗಿ ನಾವು ಭದ್ರಾವತಿಗೆ, ಓಲ್ಡ್ ಟೌನಿನ ಮನೆಗೆ ವಾಪಸ್ ಬಂದೆವು. ಕ್ರಿಯೇಟಿನಿನ್ ಒಂದು ಪಾಯಿಂಟ್ ಎರಡು. ರಕ್ತದಲ್ಲಿ ಉಳಿಯುವ ಕಸದ ಲೆಕ್ಕ ಅದು, ಕಡಿಮೆಯಾದಷ್ಟೂ ಒಳ್ಳೆಯದು. ಅಪ್ಪ ಅದನ್ನು ಪರೀಕ್ಷೆಯ ಮಾರ್ಕ್ಸಿನ ಹಾಗೆ ಎಲ್ಲರಿಗೂ ಹೇಳಿದ. ಅವನಿಗೆ ಕ್ರೇನ್ ಹತ್ತುವ ಹಾಗಿರಲಿಲ್ಲ. ಸ್ಟೋರಿನಲ್ಲಿ ಹಗುರ ಕೆಲಸ ಕೊಟ್ಟರು, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ. ಹಾಗಾಗಿ ಸಂಜೆ ಎಂಟರ ಮಾತ್ರೆ ಪೂರ್ತಿ ನನ್ನ ಜವಾಬ್ದಾರಿ.

ಆ ಮಾತ್ರೆಯ ಹೆಸರು ಸೈಕ್ಲೋಸ್ಪೋರಿನ್. ಬೂದು ಬಣ್ಣದ ಮೆತ್ತನೆ ಕ್ಯಾಪ್ಸೂಲ್. ಬೆಳಿಗ್ಗೆ ಎರಡು, ಸಂಜೆ ಎರಡು. ಹೊರಗಿನಿಂದ ಬಂದ ಕಿಡ್ನಿಯನ್ನು ಮೈ ಹೊಡೆದು ಓಡಿಸದ ಹಾಗೆ ಅದು ಕಾಯುತ್ತದೆ. ಕವರ್ ಬಿಚ್ಚಿದರೆ ತಿಗಣೆ ಹೊಸಕಿದ ವಾಸನೆ. ಕೊಡಬೇಕು, ನುಂಗುವುದನ್ನು ನಿಂತು ನೋಡಬೇಕು, ಟಿಕ್ ಹಾಕಬೇಕು, ಸಹಿ ಮಾಡಬೇಕು. ನಾನು ಕೊಡುತ್ತಿದ್ದೆ. ಟಿಕ್ ಹಾಕುತ್ತಿದ್ದೆ. ಎಂಟಕ್ಕೆ ಸರಿಯಾಗಿ ಒಂದು ಧಾರಾವಾಹಿ ಬರುತ್ತಿದ್ದುದರಿಂದ ನಡುವಿನದೊಂದು ಬಿಟ್ಟುಹೋಗುತ್ತಿತ್ತು.

ಅಷ್ಟರಲ್ಲಿ ಅಮ್ಮನಿಗೆ ಮೀಸೆ ಬಂತು.

ಮೊದಲು ತುಟಿಯ ಮೇಲೆ ನೆರಳಿನ ಹಾಗೆ. ಆಮೇಲೆ ಕೆನ್ನೆಯ ಬದಿಗೆ, ಹಣೆಗೆ. ಸ್ಟಿರಾಯ್ಡ್ ಮಾತ್ರೆಯಿಂದ ಮುಖ ಹುಣ್ಣಿಮೆ ಚಂದ್ರನ ಹಾಗೆ ದುಂಡಗಾಗಿತ್ತು. ಚಂದ್ರನಿಗೆ ಮೀಸೆ. ಅಮ್ಮ ಕಡಲೆಹಿಟ್ಟು ಅರಿಶಿನ ಕಲಸಿ ಉಜ್ಜಿದಳು. ಪಾರ್ಲರ್‌ಗೆ ಹೋಗುವಂತಿಲ್ಲ, ಗಾಯವಾದರೆ ಇನ್‌ಫೆಕ್ಷನ್. ಡಾಕ್ಟರನ್ನು ಕೇಳಿದಾಗ, "ಸೈಕ್ಲೋಸ್ಪೋರಿನ್‌ನಿಂದ ಕೂದ್ಲು ಬರುತ್ತಮ್ಮ. ಕೆಲವರಿಗೆ ಜಾಸ್ತಿ. ಜೀವಕ್ಕಿಂತ ದೊಡ್ಡದಾ?" ಎಂದರು. ಅಮ್ಮ ಇಲ್ಲ ಎಂದಳು. ಜೀವಕ್ಕಿಂತ ದೊಡ್ಡದಾ ಎಂದು ಕೇಳಿದರೆ ಯಾರಾದರೂ ಇನ್ನೇನು ಹೇಳುತ್ತಾರೆ?

ಇನ್ನು ನನ್ನ ಭಾಗ.

ಟ್ಯೂಷನ್ ಮೇಷ್ಟ್ರು ಬರಲು ತಡವಾದ ಒಂದು ಸಂಜೆ ನಾನು ಎದ್ದು ನಿಂತೆ. "ನಮ್ಮಮ್ಮನಿಗೆ ಅಪ್ಪನ ಕಿಡ್ನಿ ಹಾಕಿದಾರಲ್ಲ, ಈಗ ಅಮ್ಮ ಅಪ್ಪನೇ ಆಗ್ತಿದಾಳೆ" ಎಂದೆ. ಮೀಸೆ ತೋರಿಸಿದೆ. ಹೊಟ್ಟೆ ಮುಂದೆ ಮಾಡಿ, ಎಡಕ್ಕೆ ವಾಲಿಕೊಂಡು ನಡೆದೆ. "ಕಾರ್ಖಾನೆ ಸೈರನ್ ಆದ ಕೂಡ್ಲೇ ಟಿಫನ್ ಕ್ಯಾರಿಯರ್ ಹಿಡ್ಕೊಂಡು ಹೊರಡ್ತಾಳೆ. ಬೆಳಿಗ್ಗೆ ಶೇವಿಂಗ್ ಸೆಟ್‌ಗೆ ಇಬ್ರೂ ಕಿತ್ತಾಡ್ತಾರೆ. ಮೊನ್ನೆ ಅಪ್ಪಂಗೆ, ಏ ನಾಗರಾಜ, ಮಜ್ಜಿಗೆ ಹಾಕು ಅಂದ್ಲು." ಹದಿನಾಲ್ಕು ಜನ ಚಾಪೆಯ ಮೇಲೆ ಉರುಳಾಡಿದರು. ಶೋಭಾಳ ಕಣ್ಣಲ್ಲಿ ನೀರು. ನನ್ನ ಜೀವನದಲ್ಲಿ ಅಂಥ ನಗು ನನಗೆ ಯಾರೂ ಕೊಟ್ಟಿರಲಿಲ್ಲ. ಮರುದಿನ ಅವರೇ ಕೇಳಿದರು, ಮತ್ತೆ ಮಾಡೇ ಎಂದು. ಮಾಡಿದೆ. ಒಂದು ವಾರ ಮಾಡಿದೆ.

ಹದಿನಾಲ್ಕು ಜನಕ್ಕೆ ಹದಿನಾಲ್ಕು ಮನೆ. ಓಲ್ಡ್ ಟೌನ್ ಎಷ್ಟು ದೊಡ್ಡದು?

ಹತ್ತು ದಿನದಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ, ಸುದ್ದಿಯಾಯಿತು. ಗಂಡಸಿನ ಕಿಡ್ನಿ ಹಾಕಿದರೆ ಹೆಂಗಸು ಗಂಡಸಾಗುತ್ತಾಳೆ. ಡಾಕ್ಟರೇ ಹೇಳಿದ್ದಾರಂತೆ. ಸ್ಟೋರಿನಲ್ಲಿ ಒಬ್ಬ ಅಪ್ಪನ ಎದುರೇ, "ಏನಪ್ಪಾ ನಾಗರಾಜ, ಮೀಸೆನೂ ಬರ್ಕೊಟ್ಯಂತೆ, ಇನ್ನೇನೇನು ಕೊಟ್ಟೆ?" ಎಂದನಂತೆ. ಗಿರಿಜತ್ತೆ ಫೋನ್ ಮಾಡಿ ಅಪ್ಪನಿಗೆ, "ನಾನು ಆಗ್ಲೇ ಬಡ್ಕೊಂಡೆ. ನಿನ್ನ ಗಂಡಸ್ತನ ಅವಳಿಗೆ ಹೋಗಿದೆ, ಅವಳ ರೋಗ ನಿಂಗೆ ಬರುತ್ತೆ" ಎಂದಳು. ಫೋನು ಹಿಡಿದು ಅಪ್ಪನ ಕೈಗೆ ಕೊಟ್ಟವಳು ಅಮ್ಮ. ಗಿರಿಜತ್ತೆಯ ಧ್ವನಿಗೆ ಫೋನೇ ಬೇಕಿಲ್ಲ.

ಹಿಟ್ಟಿನ ಗಿರಣಿಯಲ್ಲಿ ಒಬ್ಬ ಹೆಂಗಸು ಅಮ್ಮನ ಮುಖವನ್ನು ಹತ್ತಿರ ಬಂದು ನೋಡಿ, "ಸರೋಜಮ್ಮ, ಧ್ವನಿನೂ ಬದ್ಲಾಗುತ್ತಂತೆ, ಒಂಚೂರು ಮಾತಾಡಿ" ಎಂದಳಂತೆ. ಅಮ್ಮ ಮಾತಾಡದೆ ಬಂದಳು. ಹಿಟ್ಟು ಅಲ್ಲೇ ಬಿಟ್ಟು ಬಂದಳು.

ಇದೆಲ್ಲ ಎಲ್ಲಿಂದ ಹೊರಟಿತು ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಕಾಲೇಜಿನ ಒಂದು ಕಾರ್ಯಕ್ರಮಕ್ಕೆ ಹೊರಟಿದ್ದೆ. ನನ್ನ ಪೌಡರ್ ಖಾಲಿಯಾಗಿತ್ತು. ಅಮ್ಮನ ಡಬ್ಬಿಯ ಮುಚ್ಚಳ ತೆಗೆದೆ. ತಿಗಣೆ ವಾಸನೆ. ಬಗ್ಗಿಸಿದೆ. ಪೌಡರಿನಲ್ಲಿ ಹೊರಳಿದ ಕ್ಯಾಪ್ಸೂಲುಗಳು ಹಾಸಿಗೆಯ ಮೇಲೆ ಬಿದ್ದವು, ಒಂದಕ್ಕೊಂದು ಅಂಟಿಕೊಂಡು.

ಮೂವತ್ತೆಂಟು. ಹತ್ತೊಂಬತ್ತು ಸಂಜೆ.

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಬಾಗಿಲು ಮುಂದೆ ಮಾಡಿದಳು.

"ಅಪ್ಪಂಗೆ ಹೇಳ್ಬೇಡ."

"ಅಮ್ಮ, ಇದು..."

"ಬೆಳಿಗ್ಗೆದು ನುಂಗ್ತಿದೀನಲ್ಲ. ಅರ್ಧ ಸಾಕು. ಗೌರಿ ಹಬ್ಬಕ್ಕೆ ಇನ್ನೊಂಬತ್ತೇ ದಿನ. ಅಷ್ಟೊತ್ತಿಗೆ ಕೂದ್ಲು ಉದುರುತ್ತೆ. ಒಂದ್ಸಲ ಎಲ್ರ ಥರ ಕೂತು ಬಾಗಿನ ತಗೋತೀನಿ ಕಣೆ. ಆಮೇಲೆ ನುಂಗ್ತೀನಿ. ನಿನ್ನಾಣೆ."

ನಾನು ಒಳ್ಳೆಯವಳಾಗಿದ್ದರೆ ಅಲ್ಲಿಯೇ ಅಳಬೇಕಿತ್ತು. ನಾನು ಯೋಚಿಸಿದೆ. ಕಾಲೇಜಿನಿಂದ ಜೋಗಕ್ಕೆ ಪಿಕ್‌ನಿಕ್ ಹೊರಟಿತ್ತು. ಅಪ್ಪ ಬೇಡ ಎಂದಿದ್ದ.

"ಪಿಕ್‌ನಿಕ್‌ಗೆ ಕಳಿಸ್ತೀಯಾ?" ಎಂದೆ.

ಅಮ್ಮ ಕ್ಯಾಪ್ಸೂಲುಗಳನ್ನು ಮತ್ತೆ ಡಬ್ಬಿಗೆ ತುಂಬಿದಳು. "ಕಳಿಸ್ತೀನಿ" ಎಂದಳು.

ಒಂಬತ್ತು ದಿನ ಕಣ್ಣು ಬಿಟ್ಟುಕೊಂಡೇ ಟಿಕ್ ಹಾಕಿದೆ. ಸಹಿಯನ್ನೂ ಚೆನ್ನಾಗಿ ಮಾಡಿದೆ, ಕೆಳಗೆ ಒಂದು ಗೆರೆ ಎಳೆದು. ಜೋಗಕ್ಕೆ ಹೋಗಿಬಂದೆ. ನೀರು ಜೋರಾಗಿತ್ತು.

ಹಬ್ಬದ ದಿನ ಅಮ್ಮ ಹಸಿರು ಸೀರೆ ಉಟ್ಟು, ಪೌಡರ್ ಹಚ್ಚಿ, ಮೊರದ ಬಾಗಿನ ಜೋಡಿಸಿಕೊಂಡು ಕೂತಳು. ಕೂದಲು ಒಂದೂ ಉದುರಿರಲಿಲ್ಲ. ಉದುರಲು ತಿಂಗಳುಗಟ್ಟಲೆ ಬೇಕಂತೆ. ಅದು ನಮಗೆ ಗೊತ್ತಿರಲಿಲ್ಲ. ವರ್ಷವೂ ಹತ್ತು ಮುತ್ತೈದೆಯರು ಬರುತ್ತಿದ್ದ ಮನೆಗೆ ಇಬ್ಬರು ಬಂದರು. ಒಬ್ಬಳು ಬಾಗಿನ ಕೊಡುವಾಗ ಅಮ್ಮನ ಕಣ್ಣು ಬಿಟ್ಟು ತುಟಿಯನ್ನೇ ನೋಡಿದಳು. ಇನ್ನೊಬ್ಬಳು ಕುಂಕುಮ ಹಚ್ಚಲು ಬೆರಳು ಚಾಚಿ, ಹಣೆಯ ಕೂದಲು ಕಂಡು ಕ್ಷಣ ತಡೆದು, ಬೆರಳು ತಾಗಿಯೂ ತಾಗದ ಹಾಗೆ ಚುಕ್ಕೆ ಇಟ್ಟು ಹೋದಳು. ಉಳಿದ ಬಾಗಿನಗಳು ಮೂಲೆಯಲ್ಲಿ ಸಾಲಾಗಿ ಕುಳಿತಿದ್ದವು. ಅಮ್ಮ ಮಧ್ಯಾಹ್ನ ಒಬ್ಬಟ್ಟು ಬಡಿಸಿದಳು. ತಾನು ತಿನ್ನಲಿಲ್ಲ.

ಆಣೆ ಇಟ್ಟ ಹಾಗೆ ಅವತ್ತು ಸಂಜೆಯಿಂದ ಅಮ್ಮ ನುಂಗಿದಳು. ಮೂರನೇ ದಿನಕ್ಕೆ ಜ್ವರ. ಜಗ್‌ನಲ್ಲಿ ನೂರೈವತ್ತು. ಮರುದಿನ ತೊಂಬತ್ತು. ಹೊಟ್ಟೆಯ ಬಲಭಾಗ, ಹೊಸ ಕಿಡ್ನಿ ಇದ್ದ ಕಡೆ, ಮುಟ್ಟಿದರೆ ನೋವು. ಅಪ್ಪ ಅಂಕಿಗಳನ್ನು ಕೂಗಿ ಹೇಳುವುದನ್ನು ನಿಲ್ಲಿಸಿದ.

ಶಿವಮೊಗ್ಗ. ರಕ್ತ. ಕಾಗದ.

ಕ್ರಿಯೇಟಿನಿನ್ ನಾಲ್ಕು ಪಾಯಿಂಟ್ ಒಂದು.

"ಮಾತ್ರೆ ಎಲ್ಲಾದ್ರೂ ತಪ್ಪಿದ್ಯಾ?" ಎಂದರು ಡಾಕ್ಟರ್.

"ಒಂದೂ ಇಲ್ಲ ಸಾರ್." ಅಪ್ಪ ಲಾಗ್‌ಬುಕ್ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ. ಡಾಕ್ಟರ್ ಪುಟ ತಿರುಗಿಸಿದರು. ಸಾಲು ಸಾಲು ಟಿಕ್. ಪ್ರತಿ ಸಂಜೆ ನನ್ನ ಸಹಿ, ಕೆಳಗೆ ಗೆರೆ.

"ಇಷ್ಟು ಶಿಸ್ತಾಗಿ ಬರೆದವರನ್ನ ನಾನು ನೋಡಿಲ್ಲ ನಾಗರಾಜ್" ಎಂದರು. "ಇದು ಎರಡರಲ್ಲಿ ಒಂದು. ಮೈ ಕಿಡ್ನಿನ ರಿಜೆಕ್ಟ್ ಮಾಡ್ತಿರ್ಬೇಕು, ಇಲ್ಲ ಈ ಔಷಧಿನೇ ಜಾಸ್ತಿಯಾಗಿ ಕಿಡ್ನಿಗೆ ಹೊಡೀತಿರ್ಬೇಕು. ಔಷಧಿ ಲೆವೆಲ್ ನೋಡೋಕೆ ರಕ್ತ ಬೆಂಗಳೂರಿಗೆ ಹೋಗಿ ಬರ್ಬೇಕು, ನಾಲ್ಕು ದಿನ. ನೀವು ಒಂದೂ ತಪ್ಪಿಸಿಲ್ಲ ಅಂದ್ರೆ... ಅಲ್ಲಿ ತನಕ ಡೋಸ್ ಇಳಿಸಿ ನೋಡೋಣ." ಪೆನ್ನಿನ ಕ್ಯಾಪ್ ತೆಗೆದರು.

ಇಳಿಸುವುದು. ತಿಂಗಳಿಡೀ ಅರ್ಧವೇ ಸಿಕ್ಕ ಮೈಗೆ ಮತ್ತೆ ಅರ್ಧ.

ಅಮ್ಮ ನನ್ನ ಕಡೆ ನೋಡಿದಳು. ಬೇಡ ಎಂದು ತಲೆ ಆಡಿಸಿದಳು, ನೊಣ ಓಡಿಸುವಷ್ಟು ಮಾತ್ರ.

"ಸಾರ್, ಅವಳು ನುಂಗಿಲ್ಲ" ಎಂದೆ.

ಅಪ್ಪ ನಕ್ಕ. ನಿಜವಾಗಿ ನಕ್ಕ. "ಕೇಳ್ಬೇಡಿ ಸಾರ್. ನಮ್ಮ ಪಲ್ಲವಿ ಹಿಂಗೇ. ಒಂದಕ್ಕೆ ಹತ್ತು ಸೇರಿಸ್ತಾಳೆ. ಕೂತ ಕಡೆ ಕಥೆ ಕಟ್ತಾಳೆ."

ಡಾಕ್ಟರೂ ಮುಗುಳ್ನಕ್ಕು ಬರೆಯಲು ಶುರು ಮಾಡಿದರು. ಹುಟ್ಟಿದಾಗಿನಿಂದ ಎಲ್ಲರೂ ನನ್ನ ಮಾತಿಗೆ ನಗಲಿ ಎಂದು ಕಾದಿದ್ದವಳು ನಾನು. ಅವತ್ತು ಬೆಳಿಗ್ಗೆ ಪೌಡರ್ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡಿದ್ದೆ. ಯಾಕೆಂದು ಗೊತ್ತಿರಲಿಲ್ಲ. ಹೇಳುವ ಧೈರ್ಯ ಇದೆ ಎಂದೇನಲ್ಲ. ಅಪ್ಪ ಹುಡುಕಿದರೆ ಮನೆಯಲ್ಲಿ ಸಿಗಬಾರದು ಎಂದೂ ಇರಬಹುದು. ಡಬ್ಬಿ ತೆಗೆದು ಲಾಗ್‌ಬುಕ್ ಮೇಲೆ ಬಗ್ಗಿಸಿದೆ.

ಮಲ್ಲಿಗೆ ಪೌಡರ್, ತಿಗಣೆ, ಕ್ಯಾಪ್ಸೂಲ್.

"ಐವತ್ತಾರಿದೆ. ಇಪ್ಪತ್ತೆಂಟು ದಿನದ್ದು. ಟಿಕ್ ನಂದು" ಎಂದೆ. ಒಂದೂ ಹೆಚ್ಚಿಗೆ ಹೇಳಲಿಲ್ಲ. ಡಾಕ್ಟರ್ ಪೆನ್ನಿನ ತುದಿಯಿಂದ ಎಣಿಸಿದರು. ಐವತ್ತಾರೇ ಇತ್ತು.

ಅಪ್ಪ ಕ್ಯಾಪ್ಸೂಲುಗಳನ್ನು ನೋಡುತ್ತಿದ್ದ. ಅಮ್ಮ ಕಿಟಕಿ ನೋಡುತ್ತಿದ್ದಳು. "ಪಿಕ್‌ನಿಕ್‌ಗೆ ಹೋಗ್ಬಂದ್ಲು. ಈಗ ಹೇಳ್ತಾಳೆ" ಎಂದಳು, ಯಾರಿಗೂ ಅಲ್ಲದ ಹಾಗೆ.

"ಯಾಕೆ?" ಎಂದ ಅಪ್ಪ. ಒಂದು ಕ್ಯಾಪ್ಸೂಲ್ ಎತ್ತಿ ಪೌಡರ್ ಒರೆಸಿದ. "ಯಾಕೆ ಸರೋಜ? ನನ್ನ ಕಿಡ್ನಿ ಕಣೆ ಅದು."

ಅಮ್ಮ ತಿರುಗಿದಳು. ಮಾಸ್ಕ್ ಕೆಳಗೆ ಎಳೆದಳು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ತುಟಿಯ ಮೇಲಿನ ಒಂದೊಂದು ಕೂದಲೂ ಕಂಡಿತು.

"ಹೊಟ್ಟೆ ಒಳಗಿರೋದು ನಿಮ್ದು. ನಾನು ಯಾವತ್ತಾದ್ರೂ ಅಲ್ಲ ಅಂದ್ನಾ? ಮುಖ ನಂದಲ್ವಾ? ಇದೊಂದಾದ್ರೂ ನಂದಾಗಿರ್ಲಿ ಅಂತ."

ಡಾಕ್ಟರ್ ಬರೆದಿದ್ದ ಚೀಟಿಯನ್ನು ಎರಡಾಗಿ ಹರಿದು ಹೊಸದು ತೆಗೆದುಕೊಂಡರು. ತಲೆ ಎತ್ತದೆ, "ಇವತ್ತೇ ಬೆಂಗಳೂರಿಗೆ ಹೊರಡಿ" ಎಂದರು.

ರಿಜೆಕ್ಷನ್. ಬಯಾಪ್ಸಿಯಲ್ಲಿ ಗೊತ್ತಾಯಿತು. ಮೂರು ದಿನ ಸ್ಟಿರಾಯ್ಡನ್ನು ನೇರ ರಕ್ತಕ್ಕೆ ಬಿಟ್ಟರು. ನಾಲ್ಕು ಪಾಯಿಂಟ್ ಒಂದು ಇದ್ದದ್ದು ಮೂರಾಯಿತು, ಎರಡೂವರೆಯಾಯಿತು, ಒಂದು ಪಾಯಿಂಟ್ ಒಂಬತ್ತಕ್ಕೆ ಬಂದು ನಿಂತಿತು. ಅಲ್ಲಿಂದ ಕೆಳಗಿಳಿಯಲಿಲ್ಲ. ಇಳಿಯುವುದೂ ಇಲ್ಲವಂತೆ. ಸತ್ತ ಭಾಗ ಸತ್ತಿತು. ಹತ್ತು ಹದಿನೈದು ವರ್ಷ ಬರಬಹುದಾಗಿದ್ದದ್ದು ಇನ್ನೆಷ್ಟು ಬರುತ್ತದೆ ಎಂದು ಅಪ್ಪ ಕೇಳಿದ. "ಬಂದಷ್ಟು" ಎಂದರಂತೆ. ಆ ಸ್ಟಿರಾಯ್ಡಿಗೆ ಅಮ್ಮನ ಮುಖ ಇನ್ನೂ ದುಂಡಗಾಯಿತು. ಮೀಸೆಯೂ ದಪ್ಪವಾಯಿತು.

ಅಪ್ಪ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ನಾಲ್ಕು ಜನಕ್ಕೆ ಹೇಳಿಕೊಳ್ಳುತ್ತಿದ್ದೆ. ಬಂದ ದಿನ ಹೊಸ ಲಾಗ್‌ಬುಕ್‌ಗೆ ಗೆರೆ ಎಳೆಯುತ್ತಾ,

"ನಿಂಗೆ ಇನ್ನು ಶಿಫ್ಟ್ ಇಲ್ಲ" ಎಂದ.

"ಅಪ್ಪ, ನಾನೇ ತಾನೇ ಹೇಳಿದ್ದು."

"ರಿಲೀವರ್ ಬಂದಿದಾನೆ ಅಂತ ನಂಬ್ಕೊಂಡು ನಾನು ಕೆಳಗಿಳಿದೆ ಕಣೆ. ಮೇಲೆ ಯಾರೂ ಇರ್ಲಿಲ್ಲ."

ಅವನು ಕಾರ್ಖಾನೆಯಲ್ಲಿ ಕೇಳಿಕೊಂಡು ಫಸ್ಟ್ ಶಿಫ್ಟಿಗೆ ಬದಲಾಯಿಸಿಕೊಂಡ. ಸಂಜೆ ಎಂಟಕ್ಕೆ ಅಮ್ಮನ ಎದುರು ಕೂರುತ್ತಾನೆ. ಅಮ್ಮ ನುಂಗಿ, ನಾಲಿಗೆ ಚಾಚಿ ತೋರಿಸುತ್ತಾಳೆ, ಬೇಕೆಂದೇ ಅವನ ಮೂಗಿನ ಹತ್ತಿರ. ಅವನು ಟಾರ್ಚ್ ಹಾಕಿ ನೋಡುತ್ತಾನೆ. ಈಗ ಅವನು 'ನನ್ನ ಕಿಡ್ನಿ' ಎನ್ನುವುದಿಲ್ಲ. 'ನಿನ್ನ' ಎನ್ನಲೂ ನಾಲಿಗೆ ಹೊರಳುವುದಿಲ್ಲ. "ಅದು ಹೇಗಿದೆ?" ಎನ್ನುತ್ತಾನೆ, ಪಕ್ಕದ ಮನೆಯವರ ನಾಯಿಯನ್ನು ವಿಚಾರಿಸಿದ ಹಾಗೆ. "ಇದೆ" ಎನ್ನುತ್ತಾಳೆ ಅಮ್ಮ.

ನನ್ನ ಜೊತೆ ಅವಳು ಮಾತಾಡಲಿಲ್ಲ. ತಿಂಡಿ ಕೊಡುತ್ತಿದ್ದಳು, ಜಡೆ ಹಾಕುತ್ತಿದ್ದಳು, ಮಾತಿಲ್ಲ. ಹೇಳಿದ್ದಕ್ಕೆ ಸಿಟ್ಟೋ, ಒಂಬತ್ತು ದಿನ ಹೇಳದೆ ಇದ್ದದ್ದಕ್ಕೋ, ಕೇಳುವ ಧೈರ್ಯ ನನಗಿರಲಿಲ್ಲ. ಜಡೆ ಮಾತ್ರ ಎಂದಿಗಿಂತ ಬಿಗಿಯಾಗಿ ಹಾಕುತ್ತಿದ್ದಳು, ಹುಬ್ಬು ಮೇಲೇರುವಷ್ಟು. ನಾಲ್ಕು ತಿಂಗಳು ಹಾಗೆ ಹೋಯಿತು. ಟ್ಯೂಷನ್ನಿನಲ್ಲಿ ಶೋಭಾ, "ಮಾಡೇ ಮಾರಾಯ್ತಿ, ಒಂದೇ ಸಲ" ಎಂದರೆ ಹೊಟ್ಟೆನೋವು ಎನ್ನುತ್ತಿದ್ದೆ.

ಹೋದ ಭಾನುವಾರ ಸಂಜೆ ಅಪ್ಪ ಲಾಗ್‌ಬುಕ್ ಬಿಡಿಸಿಕೊಂಡು ಕುಳಿತಿದ್ದ. ನಾನು ಓದುವ ಹಾಗೆ ನಟಿಸುತ್ತಿದ್ದೆ.

"ಏ, ಬಾ ಇಲ್ಲಿ" ಎಂದಳು ಅಮ್ಮ.

ನಾನು ಹಿಂದೆ ತಿರುಗಿ ನೋಡಿದೆ. ಬೇರೆ ಯಾರೂ ಇರಲಿಲ್ಲ.

"ಟ್ಯೂಷನ್‌ನಲ್ಲಿ ಮಾಡಿ ತೋರಿಸ್ತಿದ್ಯಂತಲ್ಲ. ಶೋಭಾ ಅವರಮ್ಮ ಎಲ್ಲಾ ಹೇಳಿದಾಳೆ. ಗಿರಣಿಗೆ ಹೋಗೋಕೆ ಮುಂಚೆನೇ ಗೊತ್ತಿತ್ತು ನಂಗೆ. ಮಾಡು, ನಾನೂ ನೋಡ್ತೀನಿ."

ನನ್ನ ಕಿವಿಯಲ್ಲಿ ಅವಳ ಕೈಯೊಳಗಿನ ಮಿಕ್ಸಿ ತಿರುಗಿತು. ಅಪ್ಪನ ಕಡೆ ನೋಡಿದೆ. ಅವನು ಪೆನ್ನಿನ ರೀಫಿಲ್ ತೆಗೆದು ಪರೀಕ್ಷಿಸುತ್ತಿದ್ದ.

"ಅಮ್ಮ..."

"ಮಾಡು."

ಎದ್ದು ನಿಂತೆ. ಹೊಟ್ಟೆ ಮುಂದೆ ಮಾಡಿದೆ. ಎಡಕ್ಕೆ ವಾಲಿ ನಾಲ್ಕು ಹೆಜ್ಜೆ ನಡೆದೆ. ಮೀಸೆ ತಿರುವಿದೆ. ಬಲಗೈಯಲ್ಲಿ ಹೊಟ್ಟೆ ಕೆರೆದುಕೊಂಡೆ. "ಏ ನಾಗರಾಜ" ಎನ್ನುವುದನ್ನು ಬಿಟ್ಟೆ. ನನ್ನ ಇಡೀ ಜೀವನದಲ್ಲಿ ಅಷ್ಟು ಕೆಟ್ಟದಾಗಿ ಯಾವುದನ್ನೂ ಮಾಡಿರಲಿಲ್ಲ. ಒಬ್ಬರೂ ನಗಲಿಲ್ಲ.

ಅಮ್ಮ ಎರಡು ಕ್ಯಾಪ್ಸೂಲನ್ನು ತಾನೇ ಕವರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಂಡಳು. ನೀರು ಕುಡಿದಳು. ಗಂಟಲು ಏರಿ ಇಳಿಯಿತು. ನಾಲಿಗೆ ಚಾಚಿ ಅಪ್ಪನಿಗೆ ತೋರಿಸಿದಳು. ಆಮೇಲೆ ನನ್ನ ಕಡೆ ತಿರುಗಿ ನನಗೂ ತೋರಿಸಿದಳು.

"ನಿಮ್ಮಪ್ಪ ಕೆರ್ಕೊಳ್ಳೋದು ಎಡಗೈಯಲ್ಲಿ" ಎಂದಳು. "ಅಷ್ಟೂ ನೋಡಿಲ್ವಾ? ಇನ್ನೊಂದ್ಸಲ ಮಾಡು."